ಪೂರ್ತಿ ಅರ್ಥವಾಗದಿರುವ ಹಕ್ಕು: ಜ್ಯಾಕ್ ವಿಟನ್ ಕಲೆಯ ರಾಜಕಾರಣ

2025ರ ಮಾರ್ಚ್ 23ರಂದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಕಪ್ಪು ಅಮೆರಿಕನ್ ಕಲಾವಿದ ಜ್ಯಾಕ್ ವಿಟನ್ ಅವರ ಸಮಗ್ರ ಪ್ರದರ್ಶನ ಆರಂಭವಾಯಿತು. ಆರು ದಶಕಗಳ ದುಡಿಮೆಯಿಂದ ಆಯ್ದ 175ಕ್ಕೂ ಹೆಚ್ಚು ಕೃತಿಗಳು ಅಲ್ಲಿದ್ದವು. ನಾಲ್ಕು ದಿನಗಳ ನಂತರ, ಮಾರ್ಚ್ 27ರಂದು, ಅಮೆರಿಕದ ಅಧ್ಯಕ್ಷರು ದೇಶದ ಇತಿಹಾಸಕ್ಕೆ 'ಸತ್ಯ ಮತ್ತು ವಿವೇಕ'ವನ್ನು ಮರಳಿಸುವ ಹೆಸರಿನ ಆದೇಶವೊಂದಕ್ಕೆ ಸಹಿ ಹಾಕಿದರು. ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಗಳಿಂದ 'ಅನುಚಿತ ಸಿದ್ಧಾಂತ'ವನ್ನು ತೆಗೆದುಹಾಕಬೇಕೆಂಬುದು ಅದರ ಆಶಯ. ಆ ಆದೇಶ ಹೆಸರಿಸಿ ದೂರಿದ ಪ್ರದರ್ಶನಗಳಲ್ಲಿ ಒಂದು ಅಮೆರಿಕದ ಶಿಲ್ಪಕಲೆ ಮತ್ತು ಜನಾಂಗದ ಸಂಬಂಧವನ್ನು ಕುರಿತದ್ದಾಗಿತ್ತು.

ನ್ಯೂಯಾರ್ಕಿನ ಆ ಮ್ಯೂಸಿಯಂ ಸರ್ಕಾರದ್ದಲ್ಲ. ಆದೇಶ ಅದರ ಬಾಗಿಲು ತಟ್ಟುವಂತಿರಲಿಲ್ಲ. ಆದರೂ ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಅನುಮಾನ ಏಳುವುದು ಸಹಜ. ಅಮೂರ್ತ ಕಲೆಯಲ್ಲಿ ಮುಖಗಳಿಲ್ಲ, ಘೋಷಣೆಗಳಿಲ್ಲ, ಕಥೆಯಿಲ್ಲ. ಹಾಗಿದ್ದರೆ ಅದು ಅಧಿಕಾರಕ್ಕೆ ತೊಂದರೆ ಕೊಡದ ಕಲೆಯೇ? ಶ್ರೀಮಂತರ ಗೋಡೆಗೆ ಒಪ್ಪುವ, ಯಾರನ್ನೂ ಮುಜುಗರಕ್ಕೆ ಈಡುಮಾಡದ ಅಲಂಕಾರವೇ? ಪ್ರಗತಿಪರ ವಲಯಗಳಲ್ಲಿ ಈ ಅನುಮಾನ ಹಳೆಯದು. ಶೀತಲ ಸಮರದ ಕಾಲದಲ್ಲಿ ಅಮೆರಿಕವು ತನ್ನ ಅಮೂರ್ತ ಚಿತ್ರಕಲೆಯನ್ನು ಸ್ವತಂತ್ರ ಜಗತ್ತಿನ ಜಾಹೀರಾತಿನಂತೆ ಬಳಸಿಕೊಂಡದ್ದು ಇತಿಹಾಸದಲ್ಲಿ ದಾಖಲಾಗಿರುವಾಗ ಈ ಅನುಮಾನವನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ.

ಜ್ಯಾಕ್ ವಿಟನ್ ಅವರ ಬದುಕು ಮತ್ತು ಕೆಲಸ ಈ ಅನುಮಾನಕ್ಕೆ ಇರುವ ಗಟ್ಟಿ ಉತ್ತರಗಳಲ್ಲಿ ಒಂದು. ದಮನಿತ ಸಮುದಾಯದಿಂದ ಬಂದ ಕಲಾವಿದ ತನ್ನ ಸಮುದಾಯದ ನೋವನ್ನು ಇತರರಿಗೆ ತಕ್ಷಣ ತಿಳಿಯುವ ಚಿತ್ರವಾಗಿಸಿ ಕೊಡಲೇಬೇಕೆಂಬ ನಿರೀಕ್ಷೆಯೂ ಒಂದು ಬಂಧನವೇ ಎಂಬುದನ್ನು ಅವರು ಬೇಗನೆ ಕಂಡುಕೊಂಡರು. ಆ ಬಂಧನವನ್ನು ಮುರಿಯಲು ಅವರು ಸಮುದಾಯದಿಂದ ದೂರ ಸರಿಯಲಿಲ್ಲ. ಅದರ ನೆನಪನ್ನು ಬಣ್ಣದ ಒಳಗೇ, ಮರದ ಒಳಗೇ ಹುದುಗಿಸುವ ದಾರಿ ಹುಡುಕಿದರು.

ವಿಟನ್ ಹುಟ್ಟಿದ್ದು 1939ರ ಡಿಸೆಂಬರ್ 5ರಂದು, ಅಲಬಾಮಾ ರಾಜ್ಯದ ಬೆಸೆಮರ್ ಎಂಬ ಊರಿನಲ್ಲಿ. ಬರ್ಮಿಂಗ್‌ಹ್ಯಾಮ್ ನಗರಕ್ಕೆ ಅಂಟಿಕೊಂಡಂತಿರುವ ಈ ಊರು ಉಕ್ಕು ಮತ್ತು ಕಲ್ಲಿದ್ದಲ ಪ್ರದೇಶಕ್ಕೆ ಸೇರಿದ್ದು. ತಂದೆ ಕಲ್ಲಿದ್ದಲ ಗಣಿಯ ಕಾರ್ಮಿಕ. ತಾಯಿ ಬಟ್ಟೆ ಹೊಲಿದು ಸಂಸಾರ ನಡೆಸಿದವರು. ಶಾಲೆ, ಬಸ್ಸು, ನೀರಿನ ನಲ್ಲಿ ಎಲ್ಲವೂ ಬಣ್ಣದ ಆಧಾರದ ಮೇಲೆ ಬೇರೆಯಾಗಿದ್ದ ಕಾಲ ಅದು. ತಾವು ಬೆಳೆದ ಆ ವ್ಯವಸ್ಥೆಯನ್ನು ವಿಟನ್ ಕೊನೆಯವರೆಗೂ ಅಮೆರಿಕದ ಅಪಾರ್ಥೈಡ್ ಎಂದೇ ಕರೆದರು.

1957ರಲ್ಲಿ ಅವರು ವೈದ್ಯರಾಗುವ ಆಸೆಯಿಂದ ಟಸ್ಕೀಗಿ ಸಂಸ್ಥೆ ಸೇರಿದರು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ದಶಕಗಳ ಕಾಲ ದುಡಿದ ಸಂಸ್ಥೆಯದು. ನೆಲಗಡಲೆಯ ವಿಜ್ಞಾನಿಯೆಂದೇ ಹೆಸರಾದ ಕಾರ್ವರ್ ಅಲಬಾಮಾದ ಮಣ್ಣಿನಿಂದ ಬಣ್ಣ ತಯಾರಿಸಿ ಚಿತ್ರ ಬರೆದವರೂ ಹೌದು. ಪ್ರಯೋಗಾಲಯ ಮತ್ತು ಚಿತ್ರಶಾಲೆ ಒಂದೇ ಸೂರಿನಡಿ ಇರಬಲ್ಲವೆಂಬ ಈ ಮಾದರಿ ವಿಟನ್ ಅವರ ಮನಸ್ಸಿನಲ್ಲಿ ಉಳಿಯಿತು. ಅದೇ ವರ್ಷ ಮಾಂಟ್‌ಗೋಮರಿಯಲ್ಲಿ ಅವರು ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತು ಕೇಳಿದರು, ಅವರನ್ನು ಭೇಟಿಯಾದರು, ಅಹಿಂಸಾತ್ಮಕ ಹೋರಾಟದ ದಾರಿಯನ್ನು ಒಪ್ಪಿಕೊಂಡರು.

ಆ ಒಪ್ಪಿಗೆಯ ಪರೀಕ್ಷೆ 1960ರಲ್ಲಿ ಬಂತು. ವೈದ್ಯಕೀಯ ಬಿಟ್ಟು ಕಲೆ ಕಲಿಯಲು ಲೂಸಿಯಾನಾದ ಸದರ್ನ್ ವಿಶ್ವವಿದ್ಯಾಲಯ ಸೇರಿದ್ದ ವಿಟನ್, ಬ್ಯಾಟನ್ ರೂಜ್‌ನಲ್ಲಿ ರಾಜ್ಯದ ಶಾಸನಭವನದತ್ತ ಹೊರಟ ನಾಗರಿಕ ಹಕ್ಕುಗಳ ಮೆರವಣಿಗೆಯನ್ನು ಸಂಘಟಿಸಿದವರಲ್ಲಿ ಒಬ್ಬರು. ದಾರಿಯುದ್ದಕ್ಕೂ ಅವರು ಕಂಡ ಬಿಳಿಯರ ದ್ವೇಷ ಮತ್ತು ಹಿಂಸೆ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ತಿರುಗಿ ಕೈಯೆತ್ತದೆ ಇನ್ನೊಮ್ಮೆ ಅದನ್ನು ಸಹಿಸುವುದು ತಮ್ಮಿಂದಾಗದು, ದಕ್ಷಿಣದಲ್ಲೇ ಉಳಿದರೆ ಕೊಲ್ಲುವುದು ಅಥವಾ ಕೊಲ್ಲಲ್ಪಡುವುದು ಎರಡರಲ್ಲಿ ಒಂದು ಖಚಿತ ಎಂಬ ತೀರ್ಮಾನಕ್ಕೆ ಅವರು ಬಂದರು. ಅಲ್ಲಿಂದ ಗ್ರೇಹೌಂಡ್ ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೊರಟರು.

ಈ ಪ್ರಯಾಣವನ್ನು ಪ್ರತಿಭೆಯ ಯಶೋಗಾಥೆಯ ಮೊದಲ ಅಧ್ಯಾಯವಾಗಿ ಹೇಳುವುದು ಸುಲಭ. ಆದರೆ ಬಸ್ಸು ಇಳಿದ ಕಪ್ಪು ಯುವಕನೊಬ್ಬ ಕಲಾವಿದನಾಗಲು ಪ್ರತಿಭೆಯೊಂದೇ ಸಾಲುತ್ತಿರಲಿಲ್ಲ. ಅವರನ್ನು ಸೇರಿಸಿಕೊಂಡ ಕೂಪರ್ ಯೂನಿಯನ್ ಆ ದಿನಗಳಲ್ಲಿ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆಯುತ್ತಿರಲಿಲ್ಲ. 1964ರಲ್ಲಿ ವಿಟನ್ ಅಲ್ಲಿಂದ ಪದವಿ ಪಡೆದರು. ಅದೇ ಸಂಸ್ಥೆ 2014ರಲ್ಲಿ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸಲು ಆರಂಭಿಸಿತು; ತೀವ್ರ ಪ್ರತಿರೋಧದ ನಂತರ ಹಳೆಯ ವ್ಯವಸ್ಥೆಗೆ ಹಂತಹಂತವಾಗಿ ಮರಳುವ ಯೋಜನೆಯನ್ನು 2018ರಲ್ಲಿ ಪ್ರಕಟಿಸಿತು. ಗಣಿಕಾರ್ಮಿಕನ ಮಗ ಅಮೂರ್ತ ಚಿತ್ರಕಾರನಾಗುವ ಸಾಧ್ಯತೆ ಉಚಿತ ಶಿಕ್ಷಣದ ಮೇಲೆ ನಿಂತಿತ್ತು. ಆತನ ಕಲೆಯನ್ನು ಮೆಚ್ಚುವವರು ಇದನ್ನು ಅಡಿಟಿಪ್ಪಣಿಗೆ ದೂಡುವಂತಿಲ್ಲ.

ನ್ಯೂಯಾರ್ಕಿನಲ್ಲಿ ವಿಟನ್ ಎರಡು ಲೋಕಗಳ ನಡುವೆ ಓಡಾಡಿದರು. ಒಂದೆಡೆ ವಿಲ್ಲೆಮ್ ಡಿ ಕೂನಿಂಗ್ ಅವರಂಥ ಬಿಳಿಯ ಅಮೂರ್ತ ಚಿತ್ರಕಾರರು. ಇನ್ನೊಂದೆಡೆ ರೊಮೇರ್ ಬೇರ್ಡನ್, ಜೇಕಬ್ ಲಾರೆನ್ಸ್, ನಾರ್ಮನ್ ಲೂಯಿಸ್ ಅವರಂಥ ಕಪ್ಪು ಹಿರಿಯರು. ಇವೆರಡನ್ನೂ ಬೆಸೆದದ್ದು ಜ್ಯಾಜ್ ಸಂಗೀತ. ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೊಫೋನಿನಿಂದ ದಟ್ಟವಾಗಿ, ಹಾಳೆಗಳಂತೆ ಹೊಮ್ಮುತ್ತಿದ್ದ ಸ್ವರಗಳನ್ನು ಕೇಳುತ್ತ, ಬೆಳಕನ್ನೂ ಹಾಗೆ ಹಾಳೆಹಾಳೆಯಾಗಿ ಕಾಣಿಸಲು ಸಾಧ್ಯವೇ ಎಂದು ಅವರು ಯೋಚಿಸಿದರು.

ಆದರೆ ಆ ದಶಕದಲ್ಲಿ ಬೆಳಕಿನ ಮಾತಾಡುವುದು ಸುಲಭವಿರಲಿಲ್ಲ. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ಪೊಲೀಸರು ಕಪ್ಪು ಪ್ರತಿಭಟನಕಾರರ ಮೇಲೆ ನಾಯಿಗಳನ್ನು ಛೂ ಬಿಟ್ಟರು. ಸೆಪ್ಟೆಂಬರ್ 15ರಂದು ಅದೇ ನಗರದ ಚರ್ಚೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತರು. ವಿಟನ್ 1964ರಲ್ಲಿ ಮಾಡಿದ 'ಬರ್ಮಿಂಗ್‌ಹ್ಯಾಮ್ 1964' ಎಂಬ ಪುಟ್ಟ ಕೃತಿ ಈ ಹಿಂಸೆಗೆ ಅವರ ಉತ್ತರ. ಪ್ಲೈವುಡ್ಡಿನ ಮೇಲೆ ಅಲ್ಯೂಮಿನಿಯಂ ಹಾಳೆ. ಅದರ ಮೇಲೆ ಕಪ್ಪು ತೈಲವರ್ಣ. ನಡುವೆ ಹಾಳೆ ಹರಿದು ಗಾಯದಂತೆ ಬಾಯ್ದೆರೆದಿದೆ. ಆ ಗಾಯದ ಒಳಗೆ ಪೊಲೀಸ್ ನಾಯಿ ಮನುಷ್ಯನ ಮೇಲೆರಗುವ ಪತ್ರಿಕಾ ಛಾಯಾಚಿತ್ರ. ಅದರ ಮೇಲೆ ಹೆಂಗಸರ ತೆಳು ಕಾಲುಚೀಲದ ಜಾಲರಿ.

ಈ ಕೃತಿಯನ್ನು ನಿಂತು ನೋಡಬೇಕು. ಪತ್ರಿಕೆಯ ಛಾಯಾಚಿತ್ರ ಆ ಹೊತ್ತಿಗಾಗಲೇ ಜಗತ್ತಿನಾದ್ಯಂತ ಅಚ್ಚಾಗಿತ್ತು. ಅದನ್ನು ಇನ್ನಷ್ಟು ದೊಡ್ಡದಾಗಿ ತೋರಿಸುವ ಅಗತ್ಯವಿರಲಿಲ್ಲ. ವಿಟನ್ ಅದನ್ನು ಮುಚ್ಚಿದರು, ನೋಡುಗರು ಹತ್ತಿರ ಬಂದು, ಕಣ್ಣು ಕಿರಿದಾಗಿಸಿ, ಚರ್ಮದಂಥ ಪದರವೊಂದನ್ನು ದಾಟಿಯೇ ಅದನ್ನು ಕಾಣುವಂತೆ ಮಾಡಿದರು. ಹಿಂಸೆಯ ಚಿತ್ರವನ್ನು ಬೆಳಗಿನ ಕಾಫಿಯ ಜೊತೆ ನೋಡಿ ಮಡಚಿಡುವ ಅಭ್ಯಾಸಕ್ಕೆ ಇಲ್ಲಿ ತಡೆಯಿದೆ. ಅಮೂರ್ತತೆಯತ್ತ ವಿಟನ್ ಇಟ್ಟ ಹೆಜ್ಜೆ ವಾಸ್ತವದಿಂದ ಪಲಾಯನವಲ್ಲವೆಂಬುದಕ್ಕೆ ಈ ಒಂದು ಕೃತಿ ಸಾಕು.

ಆ ಹೆಜ್ಜೆಗೆ ವಿರೋಧ ಎರಡೂ ಕಡೆಯಿಂದ ಇತ್ತು. ಮಾಲ್ಕಂ ಎಕ್ಸ್ ಅವರ ಹತ್ಯೆಯ ಬೆನ್ನಲ್ಲೇ, 1965ರಲ್ಲಿ, ಮುಂದೆ ಅಮೀರಿ ಬರಾಕ ಎಂದು ಹೆಸರು ಬದಲಿಸಿಕೊಂಡ ಕವಿ ಲೆರಾಯ್ ಜೋನ್ಸ್ ಹಾರ್ಲೆಮ್‌ನಲ್ಲಿ ರಂಗಶಾಲೆ ತೆರೆದರು. ಕಪ್ಪು ಕಲಾ ಚಳವಳಿ ಅಲ್ಲಿಂದ ರೂಪುಗೊಂಡಿತು. ಕಲೆ ಜನರಿಗೆ ನೇರವಾಗಿ ತಲುಪಬೇಕು, ಹೋರಾಟಕ್ಕೆ ಬಲ ತುಂಬಬೇಕು ಎಂಬುದು ಅದರ ನಿಲುವು. ಮುಖವಿಲ್ಲದ ಚಿತ್ರಗಳು ಬಿಳಿಯರ ಅನುಕರಣೆಯಂತೆ ಆ ವಲಯದ ಹಲವರಿಗೆ ಕಂಡವು. ಇತ್ತ ಬಿಳಿಯರ ಕಲಾಲೋಕ ಕಪ್ಪು ಕಲಾವಿದರಿಂದ ಕಪ್ಪು ಬದುಕಿನ ಚಿತ್ರಗಳನ್ನಷ್ಟೇ ಬಯಸುತ್ತಿತ್ತು, ಅವನ್ನೂ ಹೆಚ್ಚಾಗಿ ತೂಗುಹಾಕುತ್ತಿರಲಿಲ್ಲ. 1969ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಕುರಿತು ಏರ್ಪಡಿಸಿದ ದೊಡ್ಡ ಪ್ರದರ್ಶನದಲ್ಲಿ ಹಾರ್ಲೆಮ್‌ನ ಕಪ್ಪು ಚಿತ್ರಕಾರರ ಒಂದು ಚಿತ್ರವೂ ಇರಲಿಲ್ಲ. ಕಲಾವಿದರು ಅದರ ಮೆಟ್ಟಿಲ ಮುಂದೆ ಪ್ರತಿಭಟಿಸಿದರು. ಒಂದು ಕಡೆಯವರಿಗೆ ಕಪ್ಪು ಕಲಾವಿದ ಸೈನಿಕನಾಗಬೇಕಿತ್ತು, ಇನ್ನೊಂದು ಕಡೆಯವರಿಗೆ ಸಾಕ್ಷಿಯಾಗಬೇಕಿತ್ತು. ಸಂಶೋಧಕನಾಗುವ ಅವಕಾಶವನ್ನು ಇಬ್ಬರೂ ಕೊಡಲಿಲ್ಲ.

ವಿಟನ್ ಆರಿಸಿಕೊಂಡದ್ದು ಮೂರನೆಯದನ್ನು. 1970ರ ಸುಮಾರಿಗೆ ಅವರು ಕುಂಚವನ್ನೇ ಕೆಳಗಿಟ್ಟರು. ನೆಲದ ಮೇಲೆ ಸಮತಟ್ಟಾದ ವೇದಿಕೆಯೊಂದನ್ನು ಕಟ್ಟಿ, ಅದರ ಮೇಲೆ ಕ್ಯಾನ್ವಾಸ್ ಹಾಸಿ, ಆಕ್ರಿಲಿಕ್ ಬಣ್ಣವನ್ನು ಪದರದ ಮೇಲೆ ಪದರವಾಗಿ ಸುರಿದರು. ನಂತರ ತಾವೇ ಮರದಿಂದ ಮಾಡಿಕೊಂಡ, ಸುಮಾರು 12 ಅಡಿ ಅಗಲದ ಸಾಧನವೊಂದನ್ನು ಹೊಲದಲ್ಲಿ ಕುಂಟೆ ಎಳೆಯುವಂತೆ ಒಂದೇ ಎಳೆತಕ್ಕೆ ಅದರ ಮೇಲೆ ಎಳೆದರು. ಛಾಯಾಚಿತ್ರಗಾರರ ಭಾಷೆಯಿಂದ ಪಡೆದು ಆ ಸಾಧನಕ್ಕೆ 'ಡೆವಲಪರ್' ಎಂದು ಹೆಸರಿಟ್ಟರು. ದಿನಗಟ್ಟಲೆ ಹಾಕಿದ ಪದರಗಳು ಕೆಲವೇ ಕ್ಷಣಗಳಲ್ಲಿ ಒಂದರೊಳಗೊಂದು ಸರಿದು, ಅಡಿಯ ಬಣ್ಣ ಮೇಲೆದ್ದು, ಚಿತ್ರ ಮೂಡುತ್ತಿತ್ತು. ಕ್ಯಾನ್ವಾಸಿನ ಕೆಳಗಿಟ್ಟ ತಂತಿ, ಬೆಣಚುಕಲ್ಲುಗಳು ಆ ಹರಿವಿಗೆ ಅಡ್ಡಬಂದು ತಮ್ಮ ಗುರುತು ಬಿಡುತ್ತಿದ್ದವು. 'ಪಿಂಕ್ ಸೈಕಿ ಕ್ವೀನ್', 'ಸೈಬೀರಿಯನ್ ಸಾಲ್ಟ್ ಗ್ರೈಂಡರ್' ಮುಂತಾದವು ಈ ಹಂತದ ಪ್ರಸಿದ್ಧ ಕೃತಿಗಳು.

ಜರ್ಮನಿಯ ಗೆರ್‌ಹಾರ್ಡ್ ರಿಕ್ಟರ್ ಬಣ್ಣವನ್ನು ಅಗಲ ಪಟ್ಟಿಯಿಂದ ಎಳೆದು ಮಾಡಿದ ಅಮೂರ್ತ ಚಿತ್ರಗಳಿಂದ ಜಗತ್ಪ್ರಸಿದ್ಧರಾದದ್ದು 1980ರ ದಶಕದಲ್ಲಿ. ಒಬ್ಬರಿಂದ ಇನ್ನೊಬ್ಬರು ಪಡೆದರೆಂದು ಹೇಳಲು ಆಧಾರ ಬೇಕಿಲ್ಲದ ವಾದ ಇದಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ಗಮನಿಸಬೇಕಾದದ್ದು ಕಾಲಕ್ರಮ. ಒಂದು ದಶಕ ಮೊದಲೇ ಅಂಥದೇ ವಿಧಾನವನ್ನು ಕಂಡುಕೊಂಡ ಕಪ್ಪು ಕಲಾವಿದನ ಹೆಸರು ಕಲಾ ಇತಿಹಾಸದ ಪಠ್ಯಗಳಲ್ಲಿ ಬಹುಕಾಲ ಕಾಣಿಸಲಿಲ್ಲ. ಹೊಸತನ್ನು ಕಂಡುಹಿಡಿಯುವ ಅಧಿಕಾರ ಯಾರಿಗಿದೆ ಎಂಬುದನ್ನು ಇತಿಹಾಸಕಾರರು ಮೊದಲೇ ತೀರ್ಮಾನಿಸಿಕೊಂಡಿದ್ದರೆ, ಕಣ್ಣೆದುರಿನ ಚಿತ್ರವೂ ಕಾಣುವುದಿಲ್ಲ.

1974ರಲ್ಲಿ ವಿಟ್ನಿ ಮ್ಯೂಸಿಯಂ ಅವರ ಏಕವ್ಯಕ್ತಿ ಪ್ರದರ್ಶನ ನಡೆಸಿತು. ಅದರ ನಂತರ ಬಾಗಿಲುಗಳು ತೆರೆದುಕೊಂಡವೆಂದು ಭಾವಿಸಿದರೆ ತಪ್ಪಾಗುತ್ತದೆ. ವಿಟನ್ ಮರಗೆಲಸ ಮಾಡಿದರು, ಪಾಠ ಹೇಳಿದರು, ಸಂಸಾರ ನಡೆಸಿದರು. 1980ರಲ್ಲಿ ಅವರ ಟ್ರೈಬೆಕಾದ ಕಟ್ಟಡಕ್ಕೆ ಬೆಂಕಿ ಬಿತ್ತು. ಅದನ್ನು ಮತ್ತೆ ಕಟ್ಟುವುದರಲ್ಲೇ ಮೂರು ವರ್ಷ ಹೋದವು. 1983ರಲ್ಲಿ ಹಾರ್ಲೆಮ್‌ನ ಸ್ಟುಡಿಯೊ ಮ್ಯೂಸಿಯಂ ಅವರ ಹತ್ತು ವರ್ಷಗಳ ಕೆಲಸವನ್ನು ಪ್ರದರ್ಶಿಸಿತು. ದೇಶದ ದೊಡ್ಡ ಸಂಗ್ರಹಾಲಯಗಳು ಸುಮ್ಮನಿದ್ದಾಗ ಹಾರ್ಲೆಮ್‌ನ ಈ ಸಂಸ್ಥೆ ಕಲಾವಿದನನ್ನು ನೆನೆಯಿತು ಎಂಬುದು ಇಲ್ಲಿ ಗಮನಾರ್ಹ. ಪರ್ಯಾಯ ಸಂಸ್ಥೆಗಳ ಮಹತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ನಿದರ್ಶನ ಬೇಕಿಲ್ಲ.

ಮತ್ತೆ ಕೆಲಸಕ್ಕೆ ಮರಳಿದ ವಿಟನ್ ಬೇರೆಯೇ ದಾರಿ ಹಿಡಿದರು. ನಗರದ ಬೀದಿಗಳ ಮೇಲ್ಮೈ, ಮ್ಯಾನ್‌ಹೋಲ್ ಮುಚ್ಚಳ, ಬಾಟಲಿಯ ಬಿರಡೆ ಇವುಗಳ ಅಚ್ಚನ್ನು ಆಕ್ರಿಲಿಕ್‌ನಲ್ಲಿ ತೆಗೆದರು. ಬಣ್ಣವನ್ನು ಒಣಗಿಸಿ, ಗಟ್ಟಿ ಹಾಳೆ ಮಾಡಿ, ಸಣ್ಣ ಚೌಕಗಳಾಗಿ ಕತ್ತರಿಸಿ, ಹಳೆಯ ಚರ್ಚುಗಳ ಮೊಸಾಯಿಕ್‌ನಂತೆ ಒಂದೊಂದಾಗಿ ಕ್ಯಾನ್ವಾಸಿಗೆ ಕೂಡಿಸಿದರು. ಚಿತ್ರ ಬರೆಯುವುದಲ್ಲ, ಚಿತ್ರ ಕಟ್ಟುವುದು ತಮ್ಮ ಕೆಲಸವೆಂದು ಅವರು ಹೇಳುತ್ತಿದ್ದರು. ಗಾರೆ ಕೆಲಸದವರ, ಬಡಗಿಯ ಭಾಷೆಯದು. ಚಿತ್ರಕಾರ ಮತ್ತು ಕೈಕಸುಬಿನವನ ನಡುವೆ ಯುರೋಪಿನ ಕಲಾಶಾಲೆಗಳು ಎಬ್ಬಿಸಿದ ಗೋಡೆಯನ್ನು ಅವರು ಒಪ್ಪಲಿಲ್ಲ.

'ಬ್ಲ್ಯಾಕ್ ಮಾನೊಲಿತ್' ಎಂಬ ಸರಣಿ ಈ ವಿಧಾನದ ಫಲ. ಒಂದೊಂದು ಕೃತಿಯೂ ಒಬ್ಬೊಬ್ಬ ಕಪ್ಪು ಚಿಂತಕ ಅಥವಾ ಕಲಾವಿದರಿಗೆ ಅರ್ಪಣೆ: ಜೇಮ್ಸ್ ಬಾಲ್ಡ್ವಿನ್, ಡು ಬಾಯ್ಸ್, ಮಾಯಾ ಏಂಜಲೊ, ಮೊಹಮ್ಮದ್ ಅಲಿ, ಚಕ್ ಬೆರಿ. 1994ರ ಎರಡನೆಯ ಕೃತಿ 'ಇನ್ವಿಸಿಬಲ್ ಮ್ಯಾನ್' ಕಾದಂಬರಿಯ ಲೇಖಕ ರಾಲ್ಫ್ ಎಲಿಸನ್ ಅವರಿಗೆ. ಕಪ್ಪು ಮನುಷ್ಯನನ್ನು ಸಮಾಜ ನೋಡಲು ನಿರಾಕರಿಸುವುದರಿಂದ ಅವನು ಅದೃಶ್ಯನಾಗುತ್ತಾನೆ ಎಂಬುದು ಆ ಕಾದಂಬರಿಯ ತಿರುಳು. ವಿಟನ್ ಅವರ ಕೃತಿಯಲ್ಲಿ ನೂರಾರು ಚೂರುಗಳ ನಡುವೆ ತಲೆ ಮತ್ತು ಹೆಗಲಿನಂಥ ಕಪ್ಪು ಆಕಾರವೊಂದಿದೆ, ಮುಖದ ಲಕ್ಷಣಗಳಿಲ್ಲ. ಅದರಲ್ಲಿ ಬಳಸಿದ ವಸ್ತುಗಳ ಪಟ್ಟಿ ತಾನೇ ಒಂದು ಇತಿಹಾಸ: ಕಾಕಂಬಿ, ಉಪ್ಪು, ಕಲ್ಲಿದ್ದಲು, ಬೂದಿ, ತಾಮ್ರ, ಚಾಕೊಲೇಟ್, ಈರುಳ್ಳಿ, ಮೊಟ್ಟೆಯ ಚಿಪ್ಪು, ತುಕ್ಕು ಮತ್ತು ಒಂದು ಕ್ಷೌರದ ಬ್ಲೇಡು. ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರು ಕಾಕಂಬಿಯಾದದ್ದು, ಅಲಬಾಮಾದ ಗಣಿಯಲ್ಲಿ ತಂದೆ ಅಗೆದ ಕಲ್ಲಿದ್ದಲು, ಬಡ ಅಡುಗೆಮನೆಯ ಈರುಳ್ಳಿ, ಎಲ್ಲವೂ ನೋಡುಗರ ನೆನಪಿಗೆ ಬರುತ್ತವೆ. ಮುಖವನ್ನು ಬರೆದಿದ್ದರೆ ಅದು ಒಬ್ಬ ಲೇಖಕನ ಭಾವಚಿತ್ರವಾಗುತ್ತಿತ್ತು. ಬರೆಯದೆ ಬಿಟ್ಟದ್ದರಿಂದ ಅದು ಒಂದು ಜನಾಂಗ ದುಡಿದ ಬಗೆಯ ದಾಖಲೆಯಾಯಿತು.

ವಿಟನ್ ಶಿಲ್ಪಿಯೂ ಆಗಿದ್ದರೆಂಬುದು ಬಹುಕಾಲ ಹೊರಗೆ ತಿಳಿದಿರಲಿಲ್ಲ. 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸಂಗ್ರಹಾಲಯಗಳಲ್ಲಿ ಆಫ್ರಿಕಾದ ಶಿಲ್ಪಗಳನ್ನು ನೋಡಿದ ಅವರು ಉಳಿ ಹಿಡಿದು ಮರ ಕೆತ್ತಲು ಕುಳಿತರು. ಪಿಕಾಸೊ ಮತ್ತವರ ಸಂಗಡಿಗರು ಆಫ್ರಿಕಾದ ಮುಖವಾಡಗಳನ್ನು ಕಣ್ಣಿನಿಂದ ಎತ್ತಿಕೊಂಡು ಆಧುನಿಕ ಕಲೆ ಕಟ್ಟಿದ್ದರು. ವಿಟನ್ ಅದೇ ಪರಂಪರೆಯನ್ನು ಕೈಯಿಂದ ಕಲಿಯಲು ಹೊರಟರು. ಅಮೂರ್ತತೆ ಯುರೋಪಿನಿಂದ ಎರವಲು ತಂದದ್ದು ಎಂಬ ಆರೋಪಕ್ಕೆ ಅವರ ಉತ್ತರ ಇಲ್ಲಿದೆ: ಯುರೋಪೇ ಅದನ್ನು ಆಫ್ರಿಕಾದಿಂದ ಪಡೆದಿತ್ತು. 1965ರಲ್ಲಿ ಕೆತ್ತಿದ 'ಹೋಮೇಜ್ ಟು ಮಾಲ್ಕಂ' ಎಂಬ ಮರದ ಶಿಲ್ಪದಲ್ಲಿ ಕೊಲೆಯಾದ ನಾಯಕನ ಮುಖವಿಲ್ಲ, ಮುಷ್ಟಿಯಿಲ್ಲ. ಮರವಿದೆ, ಅದರೊಳಗೆ ಅಡಗಿದ ಒತ್ತಡವಿದೆ.

1969ರಿಂದ ವಿಟನ್ ಪ್ರತಿ ಬೇಸಿಗೆಯನ್ನೂ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಕಳೆಯತೊಡಗಿದರು. ಪತ್ನಿ ಮೇರಿ ಗ್ರೀಕ್ ಮೂಲದವರು. ಅಗಿಯಾ ಗಲಿನಿ ಎಂಬ ಮೀನುಗಾರರ ಊರಿನಲ್ಲಿ ಅವರು ಮನೆ ಮಾಡಿಕೊಂಡರು. ಅಲ್ಲಿ ಸಿಗುವ ಕಪ್ಪು ಹಿಪ್ಪುನೇರಳೆ, ಆಲಿವ್ ಮರ, ಅಮೃತಶಿಲೆಗಳನ್ನು ಕೆತ್ತಿದರು. ಮೀನಿನ ಮೂಳೆ, ಗಾಳದ ದಾರ, ಮೊಳೆ, ಹಳೆಯ ವಿದ್ಯುನ್ಮಾನ ಚೂರುಗಳನ್ನು ಅವಕ್ಕೆ ಸೇರಿಸಿದರು. ಕಾಂಗೋ ಜನರಲ್ಲಿ ಆಣೆ, ಒಪ್ಪಂದ, ವ್ಯಾಜ್ಯಗಳ ಸಂದರ್ಭದಲ್ಲಿ ಮರದ ರಕ್ಷಕ ಮೂರ್ತಿಗಳಿಗೆ ಮೊಳೆ ಹೊಡೆಯುವ ಸಂಪ್ರದಾಯವಿತ್ತು. ವಿಟನ್ ಅವರ 'ಆಫ್ರೊ ಅಮೆರಿಕನ್ ಥಂಡರ್‌ಬೋಲ್ಟ್' ಎಂಬ ಹಿಪ್ಪುನೇರಳೆ ಶಿಲ್ಪದಲ್ಲಿ ಆ ಮೊಳೆಗಳು ಕಾಣಿಸುತ್ತವೆ. ಆಫ್ರಿಕಾದ ನೆನಪು, ಅಮೆರಿಕದ ಹೆಸರು, ಗ್ರೀಸಿನ ಮರ: ಮೂರು ನೆಲಗಳು ಒಂದು ಶಿಲ್ಪದಲ್ಲಿ ಜಗಳವಿಲ್ಲದೆ ನಿಂತಿವೆ.

ಈ ಶಿಲ್ಪಗಳನ್ನು ಅವರು ಮಾರುಕಟ್ಟೆಗೆ ತರಲಿಲ್ಲ. ಸುಮಾರು 40 ಶಿಲ್ಪಗಳ ಮೊದಲ ದೊಡ್ಡ ಪ್ರದರ್ಶನ 'ಒಡಿಸ್ಸಿ' ಬಾಲ್ಟಿಮೋರ್ ಕಲಾ ಸಂಗ್ರಹಾಲಯದಲ್ಲಿ 2018ರ ಏಪ್ರಿಲ್‌ನಲ್ಲಿ ಆರಂಭವಾಗಿ ನಂತರ ನ್ಯೂಯಾರ್ಕಿಗೆ ಬಂತು. ಅದನ್ನು ನೋಡಲು ವಿಟನ್ ಇರಲಿಲ್ಲ. 2018ರ ಜನವರಿ 20ರಂದು, 78ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು.

ವಲಸಿಗ ಓದುಗರು ವಿಶೇಷವಾಗಿ ನಿಂತು ನೋಡಬೇಕಾದ ಎರಡು ಕೃತಿಗಳಿವೆ. ಮೊದಲನೆಯದು '9.11.01'. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ವಿಟನ್ ಟ್ರೈಬೆಕಾದ ತಮ್ಮ ಬೀದಿಯಲ್ಲಿ ನಿಂತು ಮೊದಲ ವಿಮಾನ ಗೋಪುರಕ್ಕೆ ಅಪ್ಪಳಿಸಿದ್ದನ್ನು ಕಣ್ಣಾರೆ ಕಂಡರು. ಅದಕ್ಕೆ ಪ್ರತಿಕ್ರಿಯಿಸಿದ 10 ಅಡಿ ಎತ್ತರ, 20 ಅಡಿ ಅಗಲದ ಕೃತಿ ಮುಗಿದದ್ದು 2006ರಲ್ಲಿ. ಬೂದಿ, ಮೂಳೆಯ ಪುಡಿ, ರಕ್ತ ಬೆರೆತ ಆ ಮೊಸಾಯಿಕ್‌ನ ನಡುವೆ ಒಂದು ದೈತ್ಯ ಪಿರಮಿಡ್ ಇದೆ; ಡಾಲರ್ ನೋಟಿನ ಮೇಲಿನ ಪಿರಮಿಡ್ ನೆನಪಾಗದಿರುವುದು ಕಷ್ಟ. ಅದರಲ್ಲಿ ಬಾವುಟವಿಲ್ಲ, ಶತ್ರುವಿನ ಮುಖವಿಲ್ಲ. ಕೃತಿ ರೂಪುಗೊಳ್ಳುತ್ತಿದ್ದ ಆ ವರ್ಷಗಳಲ್ಲೇ ಅಮೆರಿಕ ಎರಡು ಯುದ್ಧಗಳನ್ನು ಆರಂಭಿಸಿತು. ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ ವಲಸಿಗ ತನ್ನ ಪೇಟದ ಕಾರಣಕ್ಕೆ ಕೊಲೆಯಾದರು. ಶೋಕವನ್ನು ಸೇಡಾಗಿ ಪರಿವರ್ತಿಸಲು ಇಡೀ ದೇಶ ಮುಖವೊಂದನ್ನು ಹುಡುಕುತ್ತಿದ್ದಾಗ, ಯಾವ ಮುಖವನ್ನೂ ಒದಗಿಸದ ಈ ಕೃತಿ ಶೋಕವನ್ನು ಶೋಕವಾಗಿಯೇ ಉಳಿಸಿಕೊಂಡಿತು. ಅಮೂರ್ತತೆಯ ನೈತಿಕತೆ ಎಂದರೆ ಇದು.

ಎರಡನೆಯದು 2014ರ 'ಅಟೊಪೊಲಿಸ್', ಎಂಟು ಫಲಕಗಳನ್ನು ಜೋಡಿಸಿದ ಕೃತಿ. ಅದು ಮಾರ್ಟಿನೀಕ್ ದ್ವೀಪದ ಕವಿ, ಚಿಂತಕ ಎದುವಾರ್ ಗ್ಲಿಸಾಂ ಅವರಿಗೆ ಅರ್ಪಿತ. ಹೆಸರಿನ ಅರ್ಥ, ಸ್ಥಳವೇ ಇಲ್ಲದ ನಗರ. ಆಕಾಶದಿಂದ ನೋಡಿದ ನಗರದಂತೆ, ನಕ್ಷತ್ರಗಳ ನಕಾಶೆಯಂತೆ ಕಾಣುವ ಅದರಲ್ಲಿ ಸಾವಿರಾರು ಚೂರುಗಳು ಒಂದಕ್ಕೊಂದು ತಾಗಿಯೂ ತಾಗದೆ ಹರಡಿವೆ. ಗುಲಾಮಗಿರಿಯಿಂದ ಚದುರಿದ ಜನರಿಗೆ ಒಂದೇ ಬೇರು ಇರಬೇಕಾಗಿಲ್ಲ, ಸಂಬಂಧಗಳ ಜಾಲವೇ ಅವರ ನೆಲ ಎಂದು ವಾದಿಸಿದವರು ಗ್ಲಿಸಾಂ. ಅವರ ಇನ್ನೊಂದು ಮುಖ್ಯ ವಿಚಾರ, ಪ್ರತಿಯೊಬ್ಬರಿಗೂ ಅಪಾರದರ್ಶಕವಾಗಿ ಉಳಿಯುವ ಹಕ್ಕು ಇದೆ ಎಂಬುದು. ಅಧಿಕಾರವುಳ್ಳವರು ಇತರರನ್ನು 'ಅರ್ಥಮಾಡಿಕೊಳ್ಳುವುದು' ಎಂದರೆ ಹೆಚ್ಚಾಗಿ ತಮ್ಮ ಅಳತೆಗೆ ಕತ್ತರಿಸುವುದೇ ಆಗಿರುತ್ತದೆ. ಪೂರ್ತಿ ಅರ್ಥವಾಗದೆಯೂ ಗೌರವಕ್ಕೆ ಪಾತ್ರರಾಗುವ ಹಕ್ಕು ಮನುಷ್ಯರಿಗಿದೆ. ವಿಟನ್ ಅವರ ಇಡೀ ಜೀವನದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು.

ಈ ಚರ್ಚೆ ಕನ್ನಡಕ್ಕೆ ಹೊಸತಲ್ಲ. ದಲಿತ ಮತ್ತು ಬಂಡಾಯ ಚಳವಳಿಗಳು ಸಾಹಿತ್ಯವನ್ನು ಹೋರಾಟದ ಅಸ್ತ್ರವನ್ನಾಗಿ ಮಾಡಬಯಸಿದಾಗ ಇದೇ ಪ್ರಶ್ನೆಗಳು ಎದ್ದಿದ್ದವು. ಆ ಕರೆಗೆ ಚಾರಿತ್ರಿಕ ಅಗತ್ಯವಿತ್ತು. ಅದರಿಂದ ಕನ್ನಡ ಬೆಳೆಯಿತು. ಆದರೆ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಜೋತಮ್ಮಗಳು ಕೂಡಿ ಮಾತಾಡತೊಡಗಿದಾಗ, ದಲಿತ ಲೋಕದ ವರದಿಯನ್ನು ನಿರೀಕ್ಷಿಸಿದ್ದ ಎಷ್ಟೋ ಓದುಗರು ತಬ್ಬಿಬ್ಬಾದರು. ಭಾಷೆ ಕಠಿಣವೆಂದು ದೂರಿದರು. ಆಕ್ರೋಶದಾಚೆಗೆ ದಲಿತ ಸಮುದಾಯಗಳ ಸಾಂಸ್ಕೃತಿಕ ನೆನಪು, ಕಲ್ಪನೆ, ಬೆರಗುಗಳೂ ರಾಜಕೀಯವೇ ಎಂದು 'ದಿ ಫ್ಲೇಮಿಂಗ್ ಫೀಟ್' ಪುಸ್ತಕದ ಡಿ.ಆರ್. ನಾಗರಾಜ್ ವಾದಿಸಿದ್ದು ಇದೇ ಕಾರಣಕ್ಕೆ. ಅಲಬಾಮಾ ಮತ್ತು ನಂಜನಗೂಡು ಒಂದೇ ಅಲ್ಲ. ಆದರೂ ದಮನಿತರಿಂದ ಸಾಕ್ಷ್ಯವನ್ನು ಮಾತ್ರ ಕೇಳುವ, ಕಲ್ಪನೆಯನ್ನು ಕೇಳದ ಅಭ್ಯಾಸ ಎರಡೂ ಕಡೆ ಒಂದೇ. ದಲಿತ ಲೇಖಕರನ್ನು ವೇದಿಕೆಗೆ ಕರೆದು ಅವಮಾನದ ಅನುಭವವನ್ನಷ್ಟೇ ಹೇಳಿಸಿ, ಛಂದಸ್ಸಿನ, ತತ್ವಶಾಸ್ತ್ರದ, ವಿಜ್ಞಾನದ ಮಾತನ್ನು ಬೇರೆಯವರಿಗೆ ಮೀಸಲಿಡುವ ಸಭೆಗಳು ಬೆಂಗಳೂರಿನಲ್ಲಿಯೂ ಇವೆ, ಹೊರದೇಶಗಳ ಕನ್ನಡ ವೇದಿಕೆಗಳಲ್ಲಿಯೂ ಇವೆ. ಅವು ಪ್ರಗತಿಪರವೆಂದು ಕರೆದುಕೊಳ್ಳುವುದರಿಂದ ಈ ಮೇಲು-ಕೀಳು ಅಳಿಯುವುದಿಲ್ಲ.

ಅಮೆರಿಕದ ಕನ್ನಡಿಗರಿಗೆ ಈ ಕಲಾವಿದನೊಂದಿಗೆ ಇನ್ನೂ ನೇರವಾದ ಸಂಬಂಧವಿದೆ. ಏಷ್ಯಾದವರಿಗೆ ಬಹುಮಟ್ಟಿಗೆ ಮುಚ್ಚಿದ್ದ ಆ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನಿನಿಂದ. ಅದೇ ವರ್ಷ, ಅದೇ ಚಳವಳಿಯ ಒತ್ತಡದಿಂದ, ಕಪ್ಪು ಜನರ ಮತದಾನದ ಹಕ್ಕಿನ ಕಾನೂನೂ ಬಂತು. ಬ್ಯಾಟನ್ ರೂಜ್‌ನ ಬೀದಿಯಲ್ಲಿ ದ್ವೇಷವನ್ನು ಎದುರಿಸಿ ನಡೆದ ವಿದ್ಯಾರ್ಥಿಗಳು ತಮಗಾಗಿ ಮಾತ್ರ ನಡೆಯಲಿಲ್ಲ. ಆ ಋಣದ ಅರಿವಿಲ್ಲದೆ, ಪರಿಶ್ರಮ ಮತ್ತು ಅರ್ಹತೆಯ ಬಲದಿಂದಲೇ ಇಲ್ಲಿಗೆ ಬಂದೆವೆಂದು ನಂಬುವ ವಲಸಿಗ ಕುಟುಂಬಗಳು, ಮಕ್ಕಳನ್ನು ಕರೆದುಕೊಂಡು ಒಮ್ಮೆ 'ಬರ್ಮಿಂಗ್‌ಹ್ಯಾಮ್ 1964'ರ ಮುಂದೆ ನಿಲ್ಲುವುದು ಒಳ್ಳೆಯದು.

ಇಷ್ಟಾದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ. ಅಮೂರ್ತ ಕಲೆಯನ್ನು ಯಾರು ಕೊಳ್ಳುತ್ತಾರೆ? ಕೊನೆಯ ವರ್ಷಗಳಲ್ಲಿ ವಿಟನ್ ಅವರ ಕೃತಿಗಳನ್ನು ಪ್ರತಿನಿಧಿಸಿದ್ದು ಜಗತ್ತಿನ ಅತಿ ದೊಡ್ಡ ವಾಣಿಜ್ಯ ಗ್ಯಾಲರಿಗಳಲ್ಲಿ ಒಂದು. 2016ರಲ್ಲಿ ಒಬಾಮ ಅವರು ರಾಷ್ಟ್ರೀಯ ಕಲಾ ಪದಕ ಕೊಟ್ಟರು. 2018ರಲ್ಲಿ ಬಾಲ್ಟಿಮೋರ್ ಕಲಾ ಸಂಗ್ರಹಾಲಯ ಪ್ರಸಿದ್ಧ ಬಿಳಿಯ ಪುರುಷ ಕಲಾವಿದರ ಕೆಲವು ಕೃತಿಗಳನ್ನು ಮಾರಿ, ಮಹಿಳೆಯರ ಮತ್ತು ಕಪ್ಪು ಕಲಾವಿದರ ಕೃತಿಗಳನ್ನು ಕೊಳ್ಳಲು ಮುಂದಾಯಿತು, '9.11.01' ಅದರ ಸಂಗ್ರಹ ಸೇರಿದ್ದು ಆ ವರ್ಷವೇ. ತಡವಾದ ಈ ಮನ್ನಣೆ ನ್ಯಾಯವೇ, ಅಥವಾ ಮಾರುಕಟ್ಟೆಯ ಹೊಸ ಹಸಿವೇ? ಎರಡೂ ಹೌದು. ಬಂಡವಾಳ ಕೊಳ್ಳಲಾರದ ಕಲೆ ಇಲ್ಲ. ಹೋರಾಟದ ಭಿತ್ತಿಚಿತ್ರವೂ ಇಂದು ಹರಾಜಿಗೆ ಬರುತ್ತದೆ. ಆದ್ದರಿಂದ ಮಾರಾಟವಾಗುವುದು ಅಮೂರ್ತತೆಯೊಂದರ ದೋಷವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಕೊಂಡುಕೊಂಡ ಮೇಲೂ ಆ ಕೃತಿ ಏನನ್ನು ಬಿಟ್ಟುಕೊಡದೆ ಉಳಿಸಿಕೊಂಡಿದೆ?

ಇತಿಹಾಸದಿಂದ ಅನುಚಿತವಾದದ್ದನ್ನು ತೆಗೆದುಹಾಕಲು ಹೊರಟವರು ಗೋಡೆಯ ಮೇಲಿನ ವಿವರಣಾ ಫಲಕವನ್ನು ತಿದ್ದಬಲ್ಲರು, ಪದಗಳನ್ನು ನಿಷೇಧಿಸಬಲ್ಲರು, ಪ್ರದರ್ಶನವನ್ನೇ ಮುಚ್ಚಿಸಬಲ್ಲರು. ಅಮೂರ್ತ ಕಲೆ ಅವರ ಕೈಗೆ ಸಿಗದೆಂದು ಭ್ರಮಿಸಬೇಕಾಗಿಲ್ಲ; ನೇರವಾಗಿ ಮಾತಾಡುವ ಕಲೆಯ ಅಗತ್ಯ ಇಂಥ ಹೊತ್ತಿನಲ್ಲಿ ಇನ್ನೂ ಹೆಚ್ಚು. ಆದರೆ ನೆನಪನ್ನು ಫಲಕದ ಮೇಲೆ ಬರೆಯದೆ ಕಾಕಂಬಿಯಲ್ಲಿ, ಕಲ್ಲಿದ್ದಲಿನಲ್ಲಿ, ಹಿಪ್ಪುನೇರಳೆ ಮರಕ್ಕೆ ಹೊಡೆದ ಮೊಳೆಯಲ್ಲಿ ಇಟ್ಟವನ ಕೃತಿಯಿಂದ ಅದನ್ನು ಬೇರ್ಪಡಿಸಿ ತೆಗೆಯಲು ಬರುವುದಿಲ್ಲ. ತೆಗೆಯಹೊರಟರೆ ಕೃತಿಯನ್ನೇ ಒಡೆಯಬೇಕಾಗುತ್ತದೆ.